ಟೋಪಿ ಬದಲಿಸಿದರೆ ವೃತ್ತಿ ಬದಲು

ಟೆರೇರಿಯಾ ಅಂತ ಒಂದು ಕಂಪ್ಯೂಟರ್ ಆಟ. ಶುರುವಿನಲ್ಲಿ ಅದು ನಮ್ಮನ್ನು ಕೇಳುವ ಪ್ರಶ್ನೆಗಳನ್ನು ನೋಡಬೇಕು. ಕೂದಲು ಹೇಗಿರಲಿ, ಕಣ್ಣು ಯಾವ ಬಣ್ಣ, ಅಂಗಿ ಯಾವ ಬಣ್ಣ, ಅಂಗಿಯೊಳಗಿನ ಬನೀನು ಯಾವ ಬಣ್ಣ, ಬೂಟು ಯಾವ ಬಣ್ಣ. ಆಮೇಲೆ ಹೆಸರು. ಆಮೇಲೆ, ಸತ್ತರೆ ಕೈಯಲ್ಲಿದ್ದ ಕಾಸು ಮಾತ್ರ ಹೋದರೆ ಸಾಕೋ, ಗಂಟುಮೂಟೆಯೆಲ್ಲ ಚೆಲ್ಲಬೇಕೋ, ಇಲ್ಲಾ ಒಂದೇ ಸಾವಿಗೆ ಕಥೆ ಮುಗಿಯಬೇಕೋ ಅಂತ ಒಂದು ಪ್ರಶ್ನೆ. ಅಲ್ಲಿಗೆ ವಿಚಾರಣೆ ಮುಗಿಯಿತು. ಬನೀನಿನ ಬಣ್ಣ ಬೇಕು ಅದಕ್ಕೆ, ನೀನು ಯೋಧನೋ ಬಿಲ್ಲುಗಾರನೋ ಮಾಂತ್ರಿಕನೋ ಅನ್ನುವುದು ಬೇಡ. ತಾಮ್ರದ ಒಂದು ಕಿರುಗತ್ತಿ, ಒಂದು ಪಿಕಾಸಿ, ಒಂದು ಕೊಡಲಿ ಕೈಗೆ ಕೊಟ್ಟು ಬಯಲಿಗೆ ಬಿಟ್ಟುಬಿಡುತ್ತದೆ.

ಹಳೆಯ ಪದ್ಧತಿ ಹೀಗಿರಲಿಲ್ಲ. 1974ರಲ್ಲಿ ಕಾಗದ, ಪೆನ್ಸಿಲು, ದಾಳ ಇಟ್ಟುಕೊಂಡು ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಬಂದಾಗಲೇ ಕಾದಾಡುವವನು, ಮಂತ್ರ ಹಾಕುವವನು, ಪೂಜಾರಿ ಅಂತ ಮೂರು ಪಂಗಡ ಮಾಡಿಟ್ಟಿತ್ತು. 1996ರ ಡಯಾಬ್ಲೊದಲ್ಲೂ ಆಟ ಶುರುವಾಗುವ ಮೊದಲೇ ಮೂವರಲ್ಲಿ ಒಬ್ಬರನ್ನು ಆರಿಸಿಕೊಳ್ಳಬೇಕು. ಆರಿಸಿದ ಮೇಲೆ ಆಟ ಮುಗಿಯುವವರೆಗೂ ಅದೇ ಹಣೆಬರಹ. ಅಮೆರಿಕದ ಇಂಡಿಯಾನಾದ ಆ್ಯಂಡ್ರೂ ಸ್ಪಿಂಕ್ಸ್ ಮತ್ತು ಅವನ ಸಂಗಡಿಗರು 2011ರ ಮೇ 16ರಂದು ಟೆರೇರಿಯಾ ಬಿಡುಗಡೆ ಮಾಡಿದಾಗ ಈ ಪ್ರಶ್ನೆಯನ್ನೇ ಕೈಬಿಟ್ಟರು. ಆರು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾದ ಆಟ ಅದು. ಅಷ್ಟು ಜನ ಆಡುವವರಲ್ಲಿ ಅರ್ಧಕ್ಕರ್ಧ ಮಂದಿ, ಆಟ ಕೇಳದಿದ್ದರೂ ತಾವಾಗಿಯೇ ‘ನಾನು ಮೇಜ್’ (ಮಾಂತ್ರಿಕ), ‘ನಾನು ರೇಂಜರ್’ (ಬಿಲ್ಲುಗಾರ) ಅಂತ ಹೇಳಿಕೊಂಡು ತಿರುಗುತ್ತಾರೆ ಅಂತ ನನ್ನ ಅಂದಾಜು.

ಪಕ್ಕದ ಮನೆಯ ಅಕ್ಕನಿಗೆ ಈ ಪುರಾಣ ಯಾವುದೂ ಬೇಕಾಗಿರಲಿಲ್ಲ. ಆದರೆ ಬೇಸಿಗೆ ರಜೆಗೆ ಬೆಂಗಳೂರಿಂದ ಬಂದ ಮೊಮ್ಮಗ ಮುಖ ಊದಿಸಿಕೊಂಡು ಕೂತಿದ್ದಾನೆ. ಅಂಗಳದಲ್ಲಿ ಹಲಸಿನ ಹಪ್ಪಳ ಒಣಹಾಕಿ ಕಾಗೆ ಕಾಯುತ್ತಿದ್ದ ಅಕ್ಕ, ಕೋಲು ಹಿಡಿದುಕೊಂಡೇ ಬೇಲಿ ಹತ್ತಿರ ಬಂದರು.

“ನೀನು ಮಗಳ ಜೊತೆ ಎಂತದೋ ಗುಂಡಿ ತೋಡೋ ಆಟ ಆಡ್ತೀಯಲ್ಲೇ, ಇದೂ ಅದನ್ನೇ ಆಡ್ತದೆ. ಬೆಳಿಗ್ಗೆಯಿಂದ ಕ್ಲಾಸ್ ಸಿಕ್ತಿಲ್ಲ, ಕ್ಲಾಸ್ ಸಿಕ್ತಿಲ್ಲ ಅಂತ ಒಂದೇ ರಗಳೆ. ರಜೆಯಲ್ಲಿ ಎಂತ ಕ್ಲಾಸು ಮಾರಾಯ್ತಿ?”

ಸ್ನೇಹಿತರೆಲ್ಲ ಒಂದೊಂದು ಕ್ಲಾಸ್ ಹಿಡಿದಿದ್ದಾರಂತೆ. ಇವನು ಆರಿಸಿಕೊಳ್ಳುವ ಜಾಗ ಎಲ್ಲಿದೆ ಅಂತ ಸೆಟ್ಟಿಂಗ್ಸ್ ಎಲ್ಲ ಜಾಲಾಡಿದ್ದಾನೆ. ಇಲ್ಲದ ಬಾಗಿಲು ಹುಡುಕಿದರೆ ಸಿಗುವುದೆಲ್ಲಿಂದ?

“ಅದು ಹುಡುಕಿದ್ರೆ ಸಿಗೋದಲ್ಲ ಅಕ್ಕ, ತೊಟ್ಟರೆ ಆಗೋದು” ಅಂದೆ.

“ಎಂತ ತೊಡದು?”

ಅಲ್ಲಿಂದ ಶುರು. ಟೆರೇರಿಯಾದಲ್ಲಿ ಕ್ಲಾಸು ಅಂದರೆ ನಮ್ಮ ಕೈಯಲ್ಲಿರುವ ಆಯುಧ, ಮೈಮೇಲಿರುವ ಕವಚ, ಇವೆರಡರ ಜೊತೆಗೆ ಕಟ್ಟಿಕೊಂಡ ಐದು ಆಭರಣ. ಆಭರಣ ಅಂದರೆ ಆಕ್ಸೆಸರಿ. ಬೂಟು, ರೆಕ್ಕೆ, ಗುರಾಣಿ, ಉಂಗುರ ಎಲ್ಲ ಅದರಲ್ಲೇ ಬಂತು. ಹತ್ತಿರ ಹೋಗಿ ಕತ್ತಿ ಬೀಸುವವರು ಮೆಲೀ. ದೂರದಿಂದ ಬಾಣ, ಗುಂಡು ಹೊಡೆಯುವವರು ರೇಂಜರ್. ಕೋಲು, ಪುಸ್ತಕ ಹಿಡಿದು ಮಂತ್ರ ಬಿಡುವವರು ಮೇಜ್. ತಾವು ಸುಮ್ಮನಿದ್ದು ತಮ್ಮ ಪರವಾಗಿ ಹೊಡೆದಾಡಲು ಹುಳ, ಹಕ್ಕಿ, ಪಿಶಾಚಿಗಳನ್ನು ಕರೆಯುವವರು ಸಮ್ಮನರ್. ಈ ನಾಲ್ಕನ್ನೂ ಆಟ ಎಲ್ಲೂ ದಾಖಲೆ ಮಾಡಿಕೊಳ್ಳುವುದಿಲ್ಲ. ಕವಚದ ಮೇಲೆ ‘ಕತ್ತಿಯೇಟು ಇಷ್ಟು ಹೆಚ್ಚು’, ‘ಮಂತ್ರದ ಖರ್ಚು ಇಷ್ಟು ಕಮ್ಮಿ’ ಅಂತ ಬರೆದಿರುತ್ತದೆ, ಅಷ್ಟೇ. ಅದನ್ನು ಓದಿಕೊಂಡು ನಾವು ಏನು ಬೇಕಾದರೂ ಆಗಬಹುದು.

ಇದರ ತಮಾಷೆ ಗೊತ್ತಾಗುವುದು ಕೋಬಾಲ್ಟ್ ಕವಚ ಮಾಡುವಾಗ. ಎದೆಯ ಕವಚ ಒಂದೇ, ಕಾಲಿನದೂ ಒಂದೇ. ತಲೆಗೆ ಮಾತ್ರ ಮೂರು ಥರ. ಶಿರಸ್ತ್ರಾಣ ಇಟ್ಟುಕೊಂಡರೆ ಮೆಲೀ, ಮುಖವಾಡ ಹಾಕಿಕೊಂಡರೆ ರೇಂಜರ್, ಟೋಪಿ ಇಟ್ಟರೆ ಮೇಜ್. ಮುಂದೆ ಮಿಥ್ರಿಲ್, ಆಡಮಂಟೈಟ್ ಲೋಹಗಳಲ್ಲೂ ಇದೇ ಏರ್ಪಾಡು. ಹ್ಯಾಲೋಡ್ ಕವಚಕ್ಕೆ ಬರುವಷ್ಟರಲ್ಲಿ ಸಮ್ಮನರುಗಳಿಗೂ ಒಂದು ಮುಸುಕು ಸೇರಿಸಿ ನಾಲ್ಕು ಮಾಡಿದ್ದಾರೆ. ಕುತ್ತಿಗೆಯಿಂದ ಕೆಳಗೆ ಎಲ್ಲರೂ ಒಂದೇ. ವ್ಯತ್ಯಾಸ ಇರುವುದು ತಲೆಯಲ್ಲಿ.

“ಟೋಪಿ ಹಾಕೋ ಕೆಲಸ ಅನ್ನು ಹಂಗಾದ್ರೆ” ಅಂದರು ಅಕ್ಕ. ಅಷ್ಟರಲ್ಲಿ ಒಂದು ಕಾಗೆ ಹಪ್ಪಳದ ಚಾಪೆಯ ಅಂಚಿಗೆ ಬಂದು ಕೂತಿತು. ಕೋಲು ಬೀಸಿದರು. ಹಾರಿತು.

“ನೀವು ಮೆಲೀ” ಅಂದೆ.

ಮೆಲೀಯವರ ಸುಖ ಏನೆಂದರೆ ಲೆಕ್ಕಾಚಾರವಿಲ್ಲ. ಗುಂಡು ಮುಗಿಯುವ ಭಯವಿಲ್ಲ, ಮಂತ್ರಶಕ್ತಿ ಬತ್ತುವ ಭಯವಿಲ್ಲ. ಕವಚವೂ ದಪ್ಪ. ಪಾತಾಳದ ಹೆಲ್‌ಸ್ಟೋನ್ ಕರಗಿಸಿ ಮಾಡುವ ಮೋಲ್ಟನ್ ಕವಚಕ್ಕೆ 25 ರಕ್ಷಣೆ. ಆಟದ ಮೊದಲರ್ಧದಲ್ಲಿ ಅದಕ್ಕಿಂತ ಗಟ್ಟಿ ಬಟ್ಟೆ ಇಲ್ಲ. ಕಷ್ಟ ಏನೆಂದರೆ ಹೊಡೆಯಬೇಕಾದರೆ ಹತ್ತಿರ ಹೋಗಬೇಕು, ಹತ್ತಿರ ಹೋದರೆ ಅವರೂ ಹೊಡೆಯುತ್ತಾರೆ. ಕತ್ತಿಗಳ ವಂಶಾವಳಿಯೇ ಒಂದು ದೊಡ್ಡ ಕಥೆ. ಭ್ರಷ್ಟನೆಲದ ಕತ್ತಿ, ಕಾಡಿನ ಹುಲ್ಲಿನ ಕತ್ತಿ, ನೆಲಮಾಳಿಗೆಯ ಮುರಮಸ, ಪಾತಾಳದ ಬೆಂಕಿಕತ್ತಿ, ಈ ನಾಲ್ಕನ್ನೂ ಒಂದು ಶಾಪಗ್ರಸ್ತ ಕಟ್ಟೆಯ ಎದುರು ಸೇರಿಸಿದರೆ ನೈಟ್ಸ್ ಎಡ್ಜ್ ಹುಟ್ಟುತ್ತದೆ. ಒಂದು ಕತ್ತಿಗಾಗಿ ಇಡೀ ಭೂಪಟ ಸುತ್ತಿದ ಹಾಗಾಯಿತು. ಅದರ ಮೊಮ್ಮಗ ಟೆರ್ರಾ ಬ್ಲೇಡ್. ಆ ಟೆರ್ರಾ ಬ್ಲೇಡಿಗೆ ಇನ್ನೂ ಒಂಬತ್ತು ಕತ್ತಿ ಸೇರಿಸಿದರೆ ಜೆನಿತ್. ಆ ಹತ್ತರಲ್ಲಿ ಚಂದ್ರದೈತ್ಯ ಮೂನ್ ಲಾರ್ಡ್‌ನನ್ನು ಕೊಂದರೆ ಮಾತ್ರ ಸಿಗುವಂಥವಿವೆ, ಮಿಯಾಂವ್ ಎನ್ನುತ್ತ ಬೆಕ್ಕಿನ ತಲೆಗಳನ್ನು ಉಗುಳುವ ಕತ್ತಿಯೂ ಇದೆ. ಜೊತೆಗೆ ಆಟದ ಮೊದಲ ಕ್ಷಣದಲ್ಲಿ ಪುಕ್ಕಟೆ ಕೊಟ್ಟರಲ್ಲ, ಆ ತಾಮ್ರದ ಕಿರುಗತ್ತಿಯೂ ಬೇಕು. ಬಹಳ ಜನ ಅದನ್ನು ಮೊದಲ ಸಂಜೆಗೇ ಮೂಲೆಗೆಸೆದಿರುತ್ತಾರೆ. ಆಟ ಮಾಡಿದವರು ಇದನ್ನು ಬರೆಯುವಾಗ ಒಳಗೊಳಗೇ ನಕ್ಕಿರಬೇಕು.

ರೇಂಜರ್ ಬೇರೆ ಜಾತಕ. ಹೊಸಬರಿಗೆ ನಾನು ಹೇಳುವುದು ಇದನ್ನೇ, ದೂರ ನಿಂತು ಕಲಿಯಿರಿ ಅಂತ. ಮರದ ಬಿಲ್ಲು ಮೊದಲ ದಿನವೇ ಮಾಡಿಕೊಳ್ಳಬಹುದು. ಬಂದೂಕಿನ ವ್ಯಾಪಾರಿಯೊಬ್ಬ ಬಂದು ಊರಲ್ಲಿ ನೆಲೆಸುತ್ತಾನೆ, ಆದರೆ ನಮ್ಮ ಚೀಲದಲ್ಲಿ ಮೊದಲೇ ಒಂದು ಬಂದೂಕೋ ನಾಲ್ಕು ಗುಂಡೋ ಇದ್ದರೆ ಮಾತ್ರ. ಗಿರಾಕಿ ಗ್ಯಾರಂಟಿ ಇಲ್ಲದೆ ಅಂಗಡಿ ತೆರೆಯುವ ಆಸಾಮಿ ಅವನಲ್ಲ. ಅವನ ಹತ್ತಿರ ಮಿನಿಶಾರ್ಕ್ ಅಂತ ಒಂದು ಬಂದೂಕಿದೆ, ಬೆಲೆ 35 ಚಿನ್ನದ ನಾಣ್ಯ. ಆ ಹೊತ್ತಿಗೆ ಅದು ದೊಡ್ಡ ಮೊತ್ತವೇ. ನೂರು ತಾಮ್ರಕ್ಕೆ ಒಂದು ಬೆಳ್ಳಿ, ನೂರು ಬೆಳ್ಳಿಗೆ ಒಂದು ಚಿನ್ನ, ಲೆಕ್ಕ ಹಾಕಿಕೊಳ್ಳಿ. ಕೊಂಡಮೇಲೆ ಗುಂಡಿನ ಖರ್ಚು ಬೇರೆ. ಗುಂಡಿ ಒತ್ತಿ ಹಿಡಿದರೆ ಕಾಸು ಹಾರುವುದು ಕಣ್ಣಿಗೆ ಕಾಣುತ್ತದೆ. ಇದಕ್ಕೂ ಒಂದು ಪರಿಹಾರ ಇಟ್ಟಿದ್ದಾರೆ. 3996 ಗುಂಡು ಕೂಡಿಹಾಕಿ ಸ್ಫಟಿಕದ ಗೋಲದ ಮುಂದೆ ನಿಂತರೆ ಎಂದೂ ಖಾಲಿಯಾಗದ ಒಂದು ಚೀಲ ಕೈಗೆ ಬರುತ್ತದೆ. ಬಾಣಕ್ಕೂ ಅಷ್ಟೇ, 3996 ಕೊಟ್ಟರೆ ಅಕ್ಷಯ ಬತ್ತಳಿಕೆ.

“ನಾಲ್ಕು ಸಾವಿರ ಒಟ್ಟಾಕೋ ತಾಳ್ಮೆ ಇದಕ್ಕೆಲ್ಲಿದೆ? ಹತ್ತು ಹಪ್ಪಳ ಎಣಿಸು ಅಂದ್ರೆ ಏಳಕ್ಕೆ ಎದ್ದು ಹೋಗ್ತದೆ.”

ತಾಳ್ಮೆ ಇಲ್ಲದವರಿಗೆ ಮೇಜ್ ಕೂಡ ಆಗಿಬರುವುದಿಲ್ಲ. ಶುರುವಿಗೆ ಮಂತ್ರಶಕ್ತಿ, ಅಂದರೆ ಮಾನಾ, ಬರೀ 20. ರಾತ್ರಿ ಆಕಾಶದಿಂದ ನಕ್ಷತ್ರ ಉದುರುತ್ತವೆ, ಅವನ್ನು ಹೆಕ್ಕಿ ಹರಳು ಮಾಡಿ ನುಂಗುತ್ತ ಹೋದರೆ 200ರವರೆಗೆ ಏರಿಸಬಹುದು. ಹೆಕ್ಕುವುದೂ ಸಲೀಸಲ್ಲ. ಬೆಳಗಾಯಿತೆಂದರೆ ನೆಲದಲ್ಲಿ ಬಿದ್ದ ನಕ್ಷತ್ರ ಮಾಯ. ರಾತ್ರಿಯೋ ದೆವ್ವಗಣ್ಣು, ಹೆಣಗಳ ಓಡಾಟದ ಹೊತ್ತು. ಹಾಗಾಗಿ ಮೇಜ್ ಆಗಬೇಕೆನ್ನುವವರು ಮೊದಮೊದಲು ಕತ್ತಿ ಹಿಡಿದುಕೊಂಡೇ ನಕ್ಷತ್ರದ ಹಿಂದೆ ಓಡುತ್ತಿರುತ್ತಾರೆ. ಹೊಡೆದಾಟದ ನಡುವೆ ಮಾನಾ ಬತ್ತಿದರೆ ನಿಂತಲ್ಲೇ ನಿಲ್ಲಬೇಕು, ನಿಂತರೆ ಬೇಗ ತುಂಬುತ್ತದೆ. ಆದರೆ ರಾಕ್ಷಸರ ಮುಂದೆ ನಿಲ್ಲುವುದು ಅಂದರೆ ಗೊತ್ತಲ್ಲ. ಮದ್ದು ಕುಡಿದು ತುಂಬಿಸಿಕೊಂಡರೆ ಸ್ವಲ್ಪ ಹೊತ್ತು ಮಂತ್ರದ ಕಸುವೇ ತಗ್ಗುತ್ತದೆ.

ಆದರೂ ನನಗೆ ಮೇಜ್ ಕಂಡರೆ ಒಂದು ಕೈ ಹೆಚ್ಚು ಪ್ರೀತಿ, ಅದಕ್ಕೆ ಕಾರಣ ಒಂದು ಪುಸ್ತಕ. ಪಾಳುಬಿದ್ದ ನೆಲಮಾಳಿಗೆಯ ಕಪಾಟುಗಳಲ್ಲಿ ಸಾಲುಸಾಲು ಪುಸ್ತಕ ಇರುತ್ತವೆ, ಎಲ್ಲ ಬರೀ ಅಲಂಕಾರಕ್ಕೆ. ಅವುಗಳ ನಡುವೆ ಎಲ್ಲೋ ಒಂದರ ಬೆನ್ನು ಮಾತ್ರ ಸ್ವಲ್ಪ ಬೇರೆ ಥರ ನೀಲಿ. ಅದೇ ವಾಟರ್ ಬೋಲ್ಟ್. ಬಿಟ್ಟರೆ ಗೋಡೆಯಿಂದ ಗೋಡೆಗೆ ಪುಟಿದು ಪುಟಿದು ಓಡುವ ನೀರಿನ ಉಂಡೆ; ಇಕ್ಕಟ್ಟಾದ ಓಣಿಯಲ್ಲಿ ಅದಕ್ಕೆ ಸಿಕ್ಕಿದವರು ಉಳಿಯುವುದು ಕಷ್ಟ. ಸುಮ್ಮನೆ ಓಡಿಹೋಗುವವರಿಗೆ ಅದು ಸಿಗುವುದಿಲ್ಲ. ಕಪಾಟಿನ ಮುಂದೆ ನಿಂತು ಒಂದೊಂದೇ ಬೆನ್ನು ನೋಡುವ ಚಟ ಇದ್ದವರಿಗೇ ಸಿಗಬೇಕು. ಕ್ಲಾಸು ಆರಿಸಿಕೊಳ್ಳುವುದು ಹೀಗೆ ಸ್ವಭಾವದ ಮೇಲೆ ತಾನಾಗಿ ನಡೆದುಹೋಗುತ್ತದೆ ಅಂತ ನನಗೆ ಅನ್ನಿಸಿದ್ದು ಅಲ್ಲೇ. ಇನ್ನು ಮಾನಾ ಉಳಿಸುವ ಜುಗ್ಗರಿಗೂ ಒಂದು ದಾರಿಯಿದೆ. ಆಕಾಶದಿಂದ ಬಿದ್ದ ಉಲ್ಕೆಯ ಲೋಹದಲ್ಲಿ ಪೂರ್ತಿ ಕವಚ ಮಾಡಿ ತೊಟ್ಟು, ಅದೇ ಲೋಹದ ಸ್ಪೇಸ್ ಗನ್ ಹಿಡಿದರೆ ಒಂದು ಚೂರೂ ಮಾನಾ ಖರ್ಚಾಗುವುದಿಲ್ಲ.

“ಆ ನಾಲ್ಕನೇದು ಎಂತದು? ಆಳು ಕರೆಯೋದು?”

ಅಕ್ಕನ ಕಿವಿ ನಿಮಿರಿದ್ದು ಅಲ್ಲಿ. ಕತ್ತಿ, ಬಂದೂಕು, ಮಂತ್ರ ಯಾವುದಕ್ಕೂ ಅಷ್ಟಾಗಿ ಕಿವಿಗೊಡದವರು ‘ಆಳು’ ಅಂದ ಕೂಡಲೇ ಬೇಲಿಗೆ ಒರಗಿ ನಿಂತರು.

“ಹೌದು ಅಕ್ಕ. ಕೋಲು ಬೀಸಿದರೆ ಬರ್ತಾರೆ. ಬಂದವರು ನಾವು ಸಾಯೋವರೆಗೂ ಜೊತೆಗಿರ್ತಾರೆ.”

“ಕೂಲಿ ಎಷ್ಟು?”

“ಕೂಲಿ ಇಲ್ಲ.”

“ಊಟ?”

“ಊಟನೂ ಇಲ್ಲ.”

“ಅಡ್ವಾನ್ಸು ಇಸ್ಕಂಡು ನಾಪತ್ತೆ ಆಗದು?”

“ಇಲ್ಲ.”

ಅಕ್ಕ ತೋಟದ ಕಡೆ ಒಮ್ಮೆ ನೋಡಿದರು. ಕಳೆದ ಕೊಯ್ಲಿನಲ್ಲಿ ಅಡಿಕೆ ಕೊನೆ ಇಳಿಸುವ ಕೊನೆಗೌಡನಿಗಾಗಿ ಕಾದು ಕಾದು, ಮುಕ್ಕಾಲು ಅಡಿಕೆ ಮರದಲ್ಲೇ ಹಣ್ಣಾಗಿ ಉದುರಿದ್ದನ್ನು ಮರೆಯುವಂತಿಲ್ಲ. “ಮೊಮ್ಮಗಂಗೆ ಅದನ್ನೇ ಹಿಡಿ ಅಂತೀನಿ” ಅಂದರು.

ಅಷ್ಟು ಸುಲಭವಿಲ್ಲ. ಸಮ್ಮನರಿಗೆ ಶುರುವಿನಲ್ಲಿ ಒಂದೇ ಆಳು. ಸಂಖ್ಯೆ ಏರಿಸಬೇಕಾದರೆ ಅದಕ್ಕೆಂದೇ ಇರುವ ಕವಚ, ಆಭರಣ ಹುಡುಕಬೇಕು, ಆ ಕವಚವೆಲ್ಲ ತೆಳು ಬಟ್ಟೆ. ಜೇನುರಾಣಿಯನ್ನು ಸೋಲಿಸಿ ಮೇಣ ತಂದು ಮಾಡುವ ಕವಚ ತೊಟ್ಟವನ ಮೇಲೆ ನಾಲ್ಕು ಅಸ್ಥಿಪಂಜರ ಒಟ್ಟಿಗೆ ಬಿದ್ದರೆ ಕಥೆ ಮುಗಿದ ಹಾಗೆ. ಮೊದಲ ಆಳು ಬೇಕೆಂದರೆ ದೊಡ್ಡ ಮರದ ಪೊಟರೆಯೊಳಗಿನ ಪೆಟ್ಟಿಗೆಗಳನ್ನು ಹುಡುಕಬೇಕು. ಅದೃಷ್ಟವಿದ್ದರೆ ಫಿಂಚ್ ಸ್ಟಾಫ್ ಸಿಗುತ್ತದೆ. ಅದನ್ನು ಬೀಸಿದರೆ ಒಂದು ಪುಟ್ಟ ಹಕ್ಕಿ ಬಂದು ನಮ್ಮ ತಲೆಯ ಮೇಲೆಯೇ ಗೂಡು ಕಟ್ಟಿ ಕೂರುತ್ತದೆ. ವೈರಿ ಕಂಡಾಗ ಹೋಗಿ ಕುಟುಕಿ ಬಂದು ಮತ್ತೆ ಗೂಡಿನಲ್ಲಿ ಕೂರುತ್ತದೆ. ರಣರಂಗದಲ್ಲಿ ತಲೆಮೇಲೆ ಗೂಡು ಹೊತ್ತು ನಿಂತವನನ್ನು ನೋಡಿದರೆ ಯಾವ ರಾಕ್ಷಸ ಹೆದರಿಯಾನು? ಸ್ಲೈಮ್ ಸ್ಟಾಫ್ ಅಂತ ಇನ್ನೊಂದಿದೆ. ಸಾಧಾರಣ (ಕಷ್ಟ ಹೆಚ್ಚಿಸಿಕೊಳ್ಳದ) ಜಗತ್ತಿನಲ್ಲಿ ಹೆಚ್ಚಿನ ಲೋಳೆಪ್ರಾಣಿಗಳು ಅದನ್ನು ಬಿಟ್ಟುಕೊಡುವುದು ಹತ್ತು ಸಾವಿರಕ್ಕೊಮ್ಮೆ. ಅದಕ್ಕೇ ಕಾಯುತ್ತೇನೆ ಅನ್ನುವವರನ್ನು ದೇವರು ಕಾಯಬೇಕು.

2020ರ ಮೇ ತಿಂಗಳಲ್ಲಿ 1.4 ಆವೃತ್ತಿ ಬಂದಾಗ ಸಮ್ಮನರ ಕೈಗೆ ಚಾಟಿ ಕೊಟ್ಟರು. ಅಲ್ಲಿಂದ ಈ ಕ್ಲಾಸಿನ ಸ್ವಭಾವವೇ ಬದಲಾಯಿತು. ಚಾಟಿಯಿಂದ ಯಾರಿಗೆ ಬಾರಿಸುತ್ತೇವೋ ಆಳುಗಳೆಲ್ಲ ಅವರ ಮೇಲೇ ಬೀಳುತ್ತವೆ, ಏಟಿನ ಕಸುವೂ ಹೆಚ್ಚುತ್ತದೆ. ಹಿಂದೆ ಆಳುಗಳನ್ನು ಬಿಟ್ಟು ತಾನು ಮೂಲೆಯಲ್ಲಿ ನಿಂತು ಆಕಳಿಸುತ್ತಿದ್ದವನು ಈಗ ಮೆಲೀಯವನಷ್ಟೇ ಹತ್ತಿರ ಹೋಗಬೇಕು, ಅದೂ ತೆಳು ಬಟ್ಟೆಯಲ್ಲಿ. ಸೋಮಾರಿಗಳ ಕ್ಲಾಸು ಅನ್ನಿಸಿಕೊಂಡಿದ್ದದ್ದು ಎಲ್ಲಕ್ಕಿಂತ ಚುರುಕು ಕೇಳುವ ಕ್ಲಾಸಾಯಿತು. ಒಳ್ಳೆಯದೇ ಆಯಿತು ಅಂತ ನನ್ನ ಮತ.

“ಹಂಗಾದ್ರೆ ಬೇಡ” ಅಂದರು ಅಕ್ಕ. “ಆಳೂ ನಾನೇ ಕರೀಬೇಕು, ತೋಟಕ್ಕೂ ನಾನೇ ಇಳೀಬೇಕು ಅಂದ್ರೆ ಈಗಿರೋದು ಏನು ಮತ್ತೆ?”

ಈ ನಾಲ್ಕರ ನಡುವೆ ಐದನೆಯದೊಂದು ಇತ್ತು, ಈಗಿಲ್ಲ. ಎಸೆಯುವವರು. ಚೂರಿ, ಷುರಿಕೆನ್ ಎಸೆದು ಬದುಕುವವರು. ಅವರ ಕವಚ ಸಿಗುವುದು ಕಿಂಗ್ ಸ್ಲೈಮ್ ಎಂಬ ದೊಡ್ಡ ಲೋಳೆಯ ಹೊಟ್ಟೆಯಿಂದ. ಅದರೊಳಗೆ ಒಬ್ಬ ನಿಂಜಾ ಸಿಕ್ಕಿಕೊಂಡಿರುವುದು ಹೊರಗಿನಿಂದಲೇ ಕಾಣುತ್ತದೆ, ಪಾಪ. ಈ ಎಸೆಯುವವರಿಗೆ ಆಟದ ಮೊದಲರ್ಧ ದಾಟಿದ ಮೇಲೆ ಹೇಳಿಕೊಳ್ಳುವಂಥ ಆಯುಧವೇ ಇರಲಿಲ್ಲ. 1.4ರಲ್ಲಿ ಆ ಲೆಕ್ಕ ಮುಚ್ಚಿ ಎಲ್ಲವನ್ನೂ ರೇಂಜರ್ ಖಾತೆಗೆ ಸೇರಿಸಿದರು. ಅಭಿಮಾನಿಗಳು ಸುಮ್ಮನೆ ಬಿಡಲಿಲ್ಲ ಅನ್ನಿ. ಕಲಾಮಿಟಿ ಅಂತ ಆಟಗಾರರೇ ಮಾಡಿಕೊಂಡ ಮಾಡ್ ಒಂದಿದೆ, ಅದರಲ್ಲಿ ರೋಗ್ ಅಂತ ಹೆಸರಿಟ್ಟು ಎಸೆಯುವವರಿಗೆ ಕೊನೆಯವರೆಗೂ ಜೀವನೋಪಾಯ ಮಾಡಿಕೊಟ್ಟಿದ್ದಾರೆ. ಥೋರಿಯಂ ಅಂತ ಇನ್ನೊಂದು ಮಾಡ್‌ನಲ್ಲಿ ವಾದ್ಯ ನುಡಿಸಿ ಜೊತೆಯವರಿಗೆ ಹುರುಪು ತುಂಬುವ ಬಾರ್ಡ್ ಇದ್ದಾನೆ, ಗಾಯ ವಾಸಿ ಮಾಡುವ ಹೀಲರ್ ಇದ್ದಾನೆ.

ಹೀಗೆ ಮೂರ್ನಾಲ್ಕು ದಾರಿ ಕಂಡ ಕೂಡಲೇ ಹುಡುಗರಿಗೆ ಇಂದೇ ನಿಶ್ಚಯ ಆಗಬೇಕು ಅನ್ನುವ ಆತುರ. ನಾನು ಹೇಳುವುದು, ಮಾಂಸದ ಗೋಡೆ ದಾಟುವವರೆಗೆ ಯಾವ ನಿಶ್ಚಯವೂ ಬೇಡ. ಅಲ್ಲಿಯವರೆಗೆ ಎಲ್ಲವನ್ನೂ ಕೈಯಲ್ಲಿ ಹಿಡಿದು ನೋಡಿ. ಕತ್ತಿಯನ್ನೂ ಬೀಸಿ, ಬಾಣವನ್ನೂ ಬಿಡಿ. ಆ ಹಂತದಲ್ಲಿ ಕವಚಗಳಿಗೂ ಅಷ್ಟೇನೂ ಪಕ್ಷಪಾತವಿಲ್ಲ; ಕಬ್ಬಿಣ, ಬೆಳ್ಳಿ, ಚಿನ್ನದ ಕವಚ ಯಾರು ತೊಟ್ಟರೂ ಬರೀ ರಕ್ಷಣೆ ಕೊಡುತ್ತವೆ.

“ಮಾಂಸದ ಗೋಡೆ?” ಅಕ್ಕ ಮೂಗು ಮುರಿದರು.

ಅದನ್ನು ಕರೆಯುವ ರೀತಿ ಹೇಳಿದರೆ ಇನ್ನೂ ಮೂಗು ಮುರಿಯುತ್ತಾರೆ ಅಂತ ಗೊತ್ತಿದ್ದೂ ಹೇಳಿದೆ. ಆಟ ಶುರುವಾದಾಗ ಗೈಡ್ ಅಂತ ಒಬ್ಬ ಜೊತೆಗಿರುತ್ತಾನೆ. ಯಾವ ಸಾಮಾನಿನಿಂದ ಏನು ಮಾಡಬಹುದು ಅಂತ ಕೇಳಿದಾಗೆಲ್ಲ ಬೇಸರವಿಲ್ಲದೆ ಹೇಳಿಕೊಡುವವನು ಅವನೇ. ಪಾತಾಳದಲ್ಲಿ ಅವನದೇ ರೂಪದ ಒಂದು ಗೊಂಬೆ ಸಿಗುತ್ತದೆ. ಅದನ್ನು ಅಲ್ಲಿ ಹರಿಯುವ ಲಾವಾಕ್ಕೆ ಎಸೆದರೆ ಊರಲ್ಲಿದ್ದ ಗೈಡ್ ಸಾಯುತ್ತಾನೆ, ಪಾತಾಳದ ಮೇಲಿಂದ ಕೆಳಗಿನವರೆಗೂ ಕಣ್ಣು ಬಾಯಿ ಇರುವ ಮಾಂಸದ ಗೋಡೆ ಎದ್ದು ಅಟ್ಟಿಸಿಕೊಂಡು ಬರುತ್ತದೆ.

“ಹೇಳಿಕೊಟ್ಟವನ್ನೇ ಬೆಂಕಿಗೆ ಹಾಕದಾ? ಎಂತ ಆಟವೇ ಅದು!”

“ಅವನಿಗೊಂದು ಮನೆ ಖಾಲಿ ಇದ್ದರೆ ವಾಪಸು ಬರ್ತಾನೆ ಅಕ್ಕ.”

“ಬಂದು ಮಾತಾಡಿಸ್ತಾನಾ?”

“ಮಾತಾಡಿಸ್ತಾನೆ. ಏನೂ ಆಗದವನ ಹಾಗೆ.”

“ದೊಡ್ಡ ಮನುಷ್ಯ” ಅಂದರು.

ಗೋಡೆ ಬಿದ್ದ ಮೇಲೆ ಜಗತ್ತೇ ಗಡುಸಾಗುತ್ತದೆ, ಅದಕ್ಕೇ ಅಲ್ಲಿಂದಾಚೆಯ ಆಟಕ್ಕೆ ಹಾರ್ಡ್‌ಮೋಡ್ ಅಂತ ಹೆಸರು. ಬಿದ್ದ ಗೋಡೆ ಒಂದು ಲಾಂಛನ ಕೊಡುತ್ತದೆ. ನಾಲ್ಕು ಕ್ಲಾಸಿಗೆ ನಾಲ್ಕು ಲಾಂಛನ, ಯಾವುದಾದರೂ ಒಂದು. ತೊಟ್ಟರೆ ಆ ಕ್ಲಾಸಿನ ಏಟಿಗೆ ಶೇಕಡಾ 15ರಷ್ಟು ಹೆಚ್ಚಳ. ತಮಾಷೆಯೆಂದರೆ ಯಾವುದು ಬೇಕು ಅಂತ ಗೋಡೆ ನಮ್ಮನ್ನು ಕೇಳುವುದಿಲ್ಲ. ನನ್ನ ಮಗಳು ಮೇಜ್ ಆಗಬೇಕು ಅಂತ ಕಾಡಿನ ಬಳ್ಳಿ, ಮುಳ್ಳು ಕೂಡಿಸಿ ಹಸಿರು ಕವಚ ಹೊಲಿದುಕೊಂಡು, ಹೆಗಲಿಗೆ ಪುಸ್ತಕ ಹಾಕಿಕೊಂಡು ಹೋಗಿದ್ದಳು. ಗೋಡೆ ಅವಳ ಕೈಗಿಟ್ಟದ್ದು ಯೋಧನ ಲಾಂಛನ. ಕೆಲವರು ಇದನ್ನೇ ವಿಧಿ ಅಂದುಕೊಂಡು ಅಲ್ಲೇ ಕತ್ತಿ ಹಿಡಿದುಬಿಡುತ್ತಾರೆ. ಇನ್ನು ಕೆಲವರು ಮತ್ತೆ ಗೊಂಬೆ ಹುಡುಕಿ, ಗೈಡ್‌ನನ್ನು ಮತ್ತೆ ಸುಟ್ಟು, ಬೇಕಾದ್ದು ಸಿಗುವವರೆಗೂ ಬಿಡುವುದಿಲ್ಲ. ಅವಳು ಎರಡೂ ಮಾಡಲಿಲ್ಲ, ಪೆಟ್ಟಿಗೆಗೆ ಹಾಕಿ ಮುಚ್ಚಿದಳು. ಮುಂದೆ ಮೂರು ಯಂತ್ರರಾಕ್ಷಸರನ್ನು ಕೊಂದು ಅವುಗಳ ಆತ್ಮಗಳನ್ನು ತಂದಾಗ, ಯಾವ ಲಾಂಛನವಾದರೂ ಸರಿ, ಅದರ ಜೊತೆ ಸೇರಿಸಿ ಅವೆಂಜರ್ ಲಾಂಛನ ಮಾಡಬಹುದು ಅಂತ ಗೊತ್ತಾಯಿತು. ಅದು ಎಲ್ಲ ಥರದ ಏಟಿಗೂ ಶೇಕಡಾ 12 ಕೊಡುತ್ತದೆ. ಮೂರು ಕಮ್ಮಿ, ಆದರೆ ಯಾವ ಟೋಪಿ ಇಟ್ಟರೂ ನಡೆಯುತ್ತದೆ.

ಇನ್ನು ಆಯುಧ, ಆಭರಣಗಳನ್ನು ಹದ ಮಾಡಿಕೊಳ್ಳುವ ವಿಷಯ. ಆಯುಧ ಸಿಕ್ಕರೆ ಆಗಲಿಲ್ಲ, ಅದನ್ನು ಗಾಬ್ಲಿನ್ ಮೇಸ್ತ್ರಿಯ ಹತ್ತಿರ ಮತ್ತೆ ಬಡಿಸಬೇಕು. ಗಾಬ್ಲಿನ್ ಸೈನ್ಯವನ್ನು ಸೋಲಿಸಿದ ಮೇಲೆ ಈ ಪುಣ್ಯಾತ್ಮ ಗುಹೆಯಲ್ಲೆಲ್ಲೋ ಕೈಕಾಲು ಕಟ್ಟಿಸಿಕೊಂಡು ಬಿದ್ದಿರುತ್ತಾನೆ. ಬಿಡಿಸಿ ತಂದು ಮನೆ ಕೊಟ್ಟರೆ, ಮಾರನೇ ದಿನದಿಂದ ನಮ್ಮನ್ನೇ ಸುಲಿಯುತ್ತಾನೆ. ದುಡ್ಡು ಕೊಟ್ಟರೆ ಆಯುಧಕ್ಕೆ ಹೊಸ ಗುಣ ಬರುತ್ತದೆ, ಯಾವ ಗುಣ ಅನ್ನುವುದು ಅದೃಷ್ಟ. ಕತ್ತಿಗೆ ‘ಲೆಜೆಂಡರಿ’ ಬಂದರೆ ಶಿಖರ, ಬಿಲ್ಲು ಬಂದೂಕಿಗೆ ‘ಅನ್‌ರಿಯಲ್’, ಮಂತ್ರಕ್ಕೆ ‘ಮಿಥಿಕಲ್’. ಚಿನ್ನದ ಮೇಲೆ ಚಿನ್ನ ಸುರಿದು ಕೊನೆಗೆ ‘ಬ್ರೋಕನ್’ ಅಂತ ಬಂದಾಗ ಅವನ ಮುಖ ನೋಡಬೇಕು, ಕೆಲಸ ಚೆನ್ನಾಗಾಯಿತು ಅನ್ನುವ ಹಾಗೆ ನಿಂತಿರುತ್ತಾನೆ. ಆಭರಣಗಳಿಗೂ ಇದೇ ಸೇವೆ. ‘ವಾರ್ಡಿಂಗ್’ ಬಂದರೆ 4 ರಕ್ಷಣೆ, ‘ಮೆನೇಸಿಂಗ್’ ಬಂದರೆ ಶೇಕಡಾ 4 ಏಟು ಹೆಚ್ಚು. ಹುಡುಗರೆಲ್ಲ ಎರಡನೆಯದಕ್ಕೆ ಬೀಳುತ್ತಾರೆ. ನಾನಾದರೆ ಮೊದಲು ಐದಕ್ಕೂ ವಾರ್ಡಿಂಗ್ ಹಾಕಿಸಿ ಅಂತೀನಿ. ಬದುಕಿದ್ದರೆ ತಾನೇ ಹೊಡೆಯುವುದು?

ಮೈಯ ಗಟ್ಟಿತನಕ್ಕೂ ಕೈಯ ಕಸುವಿಗೂ ಈ ಆಟ ಹಾಕಿರುವ ಕಟ್ಟಳೆ ಕೊನೆಯ ನಾಲ್ಕು ಕವಚಗಳಲ್ಲಿ ಚೊಕ್ಕವಾಗಿ ಕಾಣುತ್ತದೆ. ಆಕಾಶದಿಂದ ಇಳಿಯುವ ನಾಲ್ಕು ಕಂಬಗಳು, ಅವುಗಳ ಚೂರುಗಳಿಂದ ಕ್ಲಾಸಿಗೊಂದು ಕವಚ. ಮೆಲೀಯ ಸೋಲಾರ್ ಕವಚಕ್ಕೆ 78 ರಕ್ಷಣೆ, ರೇಂಜರ್‌ನ ವೋರ್ಟೆಕ್ಸ್‌ಗೆ 62, ಮೇಜ್‌ನ ನೆಬ್ಯುಲಾಕ್ಕೆ 46, ಸಮ್ಮನರ್‌ನ ಸ್ಟಾರ್‌ಡಸ್ಟ್‌ಗೆ 38. ಸಾಧಾರಣ ಜಗತ್ತಿನಲ್ಲಿ ಎರಡು ಅಂಕ ರಕ್ಷಣೆಗೆ ಒಂದು ಅಂಕ ಪೆಟ್ಟು ತಪ್ಪುತ್ತದೆ. ಅಂದರೆ ಒಂದೇ ರಾಕ್ಷಸ ಒಂದೇ ಕೈಯಲ್ಲಿ ಬಾರಿಸಿದರೂ ಸಮ್ಮನರ್‌ಗೆ ಮೆಲೀಗಿಂತ 20 ಅಂಕ ಜಾಸ್ತಿ ನೋವು. ಎಷ್ಟು ಹತ್ತಿರ ಹೋಗುತ್ತೀಯೋ ಅಷ್ಟು ದಪ್ಪ ಬಟ್ಟೆ ಅನ್ನುವ ನ್ಯಾಯ ಇದು, ಚಾಟಿಯವರ ವಿಷಯದಲ್ಲಿ ಮಾತ್ರ ಅನ್ಯಾಯ. ಇನ್ನೊಂದು ವಿಚಿತ್ರವಿದೆ. ಈ ಕವಚ ಮಾಡಲು ಬೇಕಾದ ಲೂಮಿನೈಟ್ ಸಿಗುವುದು ಮೂನ್ ಲಾರ್ಡ್ ಸತ್ತ ಮೇಲೆ. 1,45,000 ಪ್ರಾಣಾಂಕದ ಆ ಕೊನೆಯ ದೈತ್ಯನನ್ನು ಹಳೆಯ ಬಟ್ಟೆಯಲ್ಲೇ ಕೊಲ್ಲಬೇಕು. ಹೊಸ ಬಟ್ಟೆ ಆಮೇಲೆ ಬರುತ್ತದೆ.

ನಾಲ್ಕಾರು ಜನ ಕೂಡಿ ಆಡುವಾಗ ಇದರ ರುಚಿ ಇನ್ನೂ ಹೆಚ್ಚು. ಮೇಜ್‌ಗಳಿಗೆ ಸ್ಪೆಕ್ಟರ್ ಅಂತ ಒಂದು ಕವಚವಿದೆ, ತಲೆಗೆ ಎರಡು ಆಯ್ಕೆ. ಮುಖವಾಡ ತೊಟ್ಟರೆ ಕಸುವು. ಮುಸುಕು ತೊಟ್ಟರೆ ಮಂತ್ರದ ಏಟು ಶೇಕಡಾ 40 ಇಳಿಯುತ್ತದೆ, ಆದರೆ ಹೊಡೆದ ಪ್ರತಿ ಏಟಿಗೂ ಗುಂಪಿನಲ್ಲಿ ಯಾರ ಪ್ರಾಣ ತೀರಾ ಕೆಳಗಿಳಿದಿದೆಯೋ ಅವರಿಗೆ ಸ್ವಲ್ಪ ಪ್ರಾಣ ತುಂಬುತ್ತದೆ. ಹದಿಹರೆಯದ ಹುಡುಗರ ಗುಂಪಿನಲ್ಲಿ ಆ ಮುಸುಕು ತೊಡಲು ಯಾರನ್ನು ಒಪ್ಪಿಸುವುದು ಅನ್ನುವುದೇ ಒಂದು ದೊಡ್ಡ ಪಂಚಾಯಿತಿ.

2022ರ ಸೆಪ್ಟೆಂಬರ್‌ನಲ್ಲಿ ಬಂದ 1.4.4 ಆವೃತ್ತಿ ಇನ್ನೊಂದು ಸವಲತ್ತು ಕೊಟ್ಟಿತು. ಮೂರು ಜೊತೆ ಕವಚ, ಆಭರಣಗಳನ್ನು ಹೊಂದಿಸಿಟ್ಟುಕೊಂಡು ಒಂದು ಗುಂಡಿ ಒತ್ತಿ ಬದಲಾಯಿಸಬಹುದು. ಬೆಳಿಗ್ಗೆ ಮೆಲೀ, ಮಧ್ಯಾಹ್ನ ಮೇಜ್. ಇಷ್ಟು ಸಲೀಸು ಮಾಡಿಕೊಟ್ಟ ಮೇಲೂ ‘ಕೊನೆಯವರೆಗೆ ಬರೀ ಸಮ್ಮನರ್ ಆಗಿಯೇ ಆಡುತ್ತೇನೆ, ಒಂದು ಬಾಣವನ್ನೂ ಮುಟ್ಟುವುದಿಲ್ಲ’ ಅಂತ ವ್ರತ ಹಿಡಿಯುವವರಿದ್ದಾರೆ. ಮುರಿದರೆ ಕೇಳುವವರಿಲ್ಲ, ಆಟಕ್ಕಂತೂ ಅದು ಗೊತ್ತೇ ಆಗುವುದಿಲ್ಲ. ಅವರನ್ನು ಕಂಡರೆ ನನಗೆ ಸ್ವಲ್ಪ ನಗು, ಸ್ವಲ್ಪ ಗೌರವ. ಮೊಮ್ಮಗನಿಗೆ ಮಾತ್ರ ಈ ವ್ರತ ಈಗಲೇ ಬೇಡ ಅಂತ ಹೇಳಿಕಳಿಸಿದೆ.

ಅಕ್ಕ ಹಪ್ಪಳಗಳನ್ನು ಮಗುಚಿ ಹಾಕಿ ಮತ್ತೆ ಬಂದರು. ಏನೋ ಯೋಚಿಸಿಕೊಂಡು ಬಂದ ಮುಖ.

“ಅಲ್ಲಾ, ಹೊಡೆದಾಟವೇ ಬೇಡ ಅಂದ್ರೆ? ಒಂದು ಮನೆ ಕಟ್ಕಂಡು, ಮೀನು ಹಿಡ್ಕಂಡು ಇರಕ್ಕಾಗಲ್ವಾ ಆ ಆಟದಲ್ಲಿ?”

ಆಗುತ್ತದೆ. ಬಹಳ ಜನ ಹಾಗೇ ಆಡುತ್ತಾರೆ. ಗೋಡೆ ಕಟ್ಟುವುದು, ಬಣ್ಣ ಬಳಿಯುವುದು, ತೋಟ ಮಾಡುವುದು. ಇಟ್ಟಿಗೆ ಬೇಗ ಇಡಲು, ದೂರದಿಂದಲೇ ಇಡಲು ಅವರಿಗೂ ಬೇರೆಯದೇ ಆಭರಣಗಳಿವೆ. ಸಮುದ್ರದ ದಂಡೆಯಲ್ಲಿ ಮಲಗಿರುವ ಒಬ್ಬ ಹುಡುಗನನ್ನು ಎಬ್ಬಿಸಿ ಊರಿಗೆ ಕರೆತಂದರೆ ದಿನಕ್ಕೊಂದು ಮೀನು ಹಿಡಿದು ತಾ ಅಂತ ಹುಕುಂ ಮಾಡುತ್ತಾನೆ. ಬಾಯಿ ಬಹಳ ಕೆಟ್ಟದು, ಆದರೆ ತಂದುಕೊಟ್ಟವರಿಗೆ ಮೀನುಗಾರರ ಟೋಪಿ, ಅಂಗಿ, ಚಡ್ಡಿ ಕೊಡುತ್ತಾನೆ. ಮೂವತ್ತನೇ ಸಲಕ್ಕೆ ಚಿನ್ನದ ಗಾಳ ಖಂಡಿತ.

“ಇದು ಪರವಾಗಿಲ್ಲ. ಗಾಳಕ್ಕೆ ಎಂತ ಬೇಕು?”

“ಎಂಟು ತುಂಡು ಮರ ಸಾಕು.”

“ಹುಳ?”

“ಹುಲ್ಲಲ್ಲಿ ಓಡಾಡ್ತಿರ್ತವೆ. ಹಿಡಿಯೋಕೆ ಬಲೆ ಬೇಕು. ಅಂಗಡಿಯವನ ಹತ್ತಿರ ಇದೆ, 25 ಬೆಳ್ಳಿ.”

“ಅಷ್ಟು ದುಡ್ಡು ಮಗು ಎಲ್ಲಿಂದ ತರದು?”

“ಲೋಳೆಗಳನ್ನ ಹೊಡೆದ್ರೆ ಕಾಸು ಉದುರುತ್ತೆ ಅಕ್ಕ.”

“ಹೊಡೆಯೋಕೆ?”

“ಕತ್ತಿ.”

“ಥೂ ನಿನ್ನ!” ಅಂದು ಅಕ್ಕ ಕಾಗೆಯ ಕಡೆ ಓಡಿದರು.